ಕೂಲಿಯಾಳಿನ ಮಾತು



ಕಳೆದ ದೀಪಾವಳಿ ಮುಗಿದು ಆರೇಳು ದಿನಗಳಾಗಿದ್ದವು. ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ತಾಲ್ಲೂಕಿನ ಹುಲಜಂತಿಗೆ ನಾವು ಹೋಗಿದ್ದೆವು. ಮಹಾರಾಷ್ಟ್ರದ ಊರಾದರೂ ಬಸ್ಸಿನಿಂದ ಇಳಿದ ಕೂಡಲೇ ಕಿವಿಗೆ ಬೀಳುವುದು ಕನ್ನಡ. ಗಡಿ ದಾಟಿದರೆ ನಮ್ಮ ವಿಜಯಪುರ ಜಿಲ್ಲೆ. ಕುರುಬರಿಗೂ ಧನಗರರಿಗೂ ಇದು ಮಾಳಿಂಗರಾಯನ ಊರು. ದೀಪಾವಳಿ ಅಮಾವಾಸ್ಯೆಗೆ ದೊಡ್ಡ ಜಾತ್ರೆ. ಗುರು ಬೀರಪ್ಪನ ಪಲ್ಲಕ್ಕಿ ಹುನ್ನೂರಿನಿಂದ ಬಂದು ಶಿಷ್ಯನ ಪಲ್ಲಕ್ಕಿಯನ್ನು ಭೇಟಿಯಾಗುತ್ತದೆ, ಜನ ಭಂಡಾರ ಹಾರಿಸುತ್ತಾರೆ. ನಾವು ಹೋದಾಗ ಜಾತ್ರೆ ಚದುರಿತ್ತು. ಆದರೆ ಕಲ್ಲುಗಳ ಮೇಲೆ, ದಾರಿಯ ಮಣ್ಣಿನಲ್ಲಿ, ಅಂಗಡಿಗಳ ಹಲಗೆಯ ಸಂದಿಯಲ್ಲಿ ಅರಿಶಿನದ ಹಳದಿ ಇನ್ನೂ ಉಳಿದಿತ್ತು.

ನಾವು ಹೋದದ್ದು ಜಾತ್ರೆಗಲ್ಲ. ನಮ್ಮ ಹಳೆಯ ಪರಿಚಯದ ಒಬ್ಬ ತಮ್ಮ ಅಲ್ಲಿಗೆ ಹತ್ತಿರದ ಊರಿನಲ್ಲಿ ಕಬ್ಬಿನ ಟ್ರ್ಯಾಕ್ಟರ್ ಓಡಿಸಿಕೊಂಡಿದ್ದಾನೆ. ವಿಜಯಪುರದ ಕಡೆಯ ಕಥೋಲಿಕ ಕುಟುಂಬದವನು. ಮಕ್ಕಳ ಶಾಲೆ ಮರಾಠಿ, ಮನೆಯ ಜಪಸರ ಕನ್ನಡ. "ಕಾರ್ಖಾನಿ ಚಾಲೂ ಆಗೂಕಿಂತ ಮೊದಲ ಒಮ್ಮಿ ಬರ್ರಿ ಅಣ್ಣಾರ, ಆಮ್ಯಾಲೆ ನನಗ ಹಗಲೂ ಇಲ್ಲ ರಾತ್ರಿನೂ ಇಲ್ಲ" ಎಂದು ಎರಡು ವರ್ಷದಿಂದ ಕರೆಯುತ್ತಿದ್ದ.

ಹುಲಜಂತಿಯಿಂದ ಅವನ ಮೋಟಾರ್ ಸೈಕಲ್ಲಿನ ಹಿಂದೆ ಕುಳಿತು ಹೋಗುವಾಗ ದಾರಿಯಲ್ಲಿ ಕುರಿಯ ಹಿಂಡು ಅಡ್ಡ ಬಂತು. ಮೇವು ಹುಡುಕಿಕೊಂಡು ಹೊರಟ ಸಂಸಾರ ಅದು. ಒಂದು ಕುದುರೆ, ಅದರ ಬೆನ್ನ ಮೇಲೆ ಪಾತ್ರೆ, ಕಂಬಳಿ, ಅದರ ಪಕ್ಕದ ಚೀಲದಿಂದ ತಲೆ ಹೊರಗೆ ಹಾಕಿದ ಎರಡು ಮರಿಗಳು. ಇನ್ನೂ ನಡೆಯಲು ಬಾರದ ಎಳೆಯವು. ಹಿಂಡು ದಾಟುವ ತನಕ ನಿಂತೆವು. ಹಿಂದೆ ಬರುತ್ತಿದ್ದ ವಯಸ್ಸಾದ ಕುರಿಗಾರನನ್ನು ಮಾತಿಗೆಳೆದೆವು. ಶುಭಸಂದೇಶದಲ್ಲಿ ಯೇಸುಸ್ವಾಮಿ ಹೇಳಿದ ತಪ್ಪಿಸಿಕೊಂಡ ಕುರಿಯ ಸಾಮತಿ ನೆನಪಿಗೆ ಬಂದಿತ್ತು. ತೊಂಬತ್ತೊಂಬತ್ತನ್ನು ಬಿಟ್ಟು ಒಂದನ್ನು ಹುಡುಕಿಕೊಂಡು ಹೋಗುವುದು ನಿಜವಾಗಿ ಆಗುವ ಮಾತೇ ಎಂದು ನಮಗೆ ಎಂದಿನಿಂದಲೂ ಅನುಮಾನ.

"ಹೋಗಲೇಬೇಕಲ್ರಿ" ಎಂದ ಅಜ್ಜ. "ಉಳದೂವ್ನ ನಾಯಿ ನೋಡ್ಕೋತಾವು."

ಸಿಕ್ಕಿದ ಮೇಲೆ ಹೊಡೆಯುತ್ತೀರಾ ಎಂದು ಕೇಳಿದೆವು. ಅವನು ನಮ್ಮನ್ನು ನೋಡಿದ ನೋಟದಲ್ಲಿ ಪೇಟೆಯವರ ಬುದ್ಧಿಯ ಬಗ್ಗೆ ಸ್ವಲ್ಪ ಕನಿಕರವಿತ್ತು. "ಹೊಡದ್ರ ಅದಕ್ಕೇನ ತಿಳೀತೈತ್ರಿ? ಒಂಟಿ ಬಿದ್ದ ಕುರಿ ಅಂಜಿ ಕುಂತಬಿಟ್ಟಿರತೈತಿ. ಕಾಲಾಗ ಕಸುವ ಇರೂದಿಲ್ಲ. ಹೆಗಲ ಮ್ಯಾಲೆ ಹಾಕ್ಕೊಂಡ ಬರೂದ ಅಷ್ಟ. ಒದ್ದಾಡದ ಸುಮ್ನ ಇತ್ತಂದ್ರ ನಮಗ ಹಗುರ."

ಇಷ್ಟು ಹೇಳಿ ಅವನು ಹಿಂಡಿನ ಹಿಂದೆ ಹೋದ. ನಮ್ಮ ತಮ್ಮ ಗಾಡಿ ಚಾಲೂ ಮಾಡಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹ್ಯಾಂಡಲ್ ಹಿಡಿದುಕೊಂಡು ನಿಂತಿದ್ದ.

ಆ ರಾತ್ರಿ ಊಟವಾದ ಮೇಲೆ ಅವನು ಹೇಳಿದ ಸಂಗತಿಯನ್ನು ಅವನ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇವೆ. ಹದಿಮೂರು ವರ್ಷಗಳ ಹಿಂದೆ ಅವನ ತಂದೆ ಆಸ್ಪತ್ರೆಯಲ್ಲಿದ್ದರು. ಔಷಧ ತರಲು ಅವ್ವ ಕೈಗೆ ಆರು ಸಾವಿರ ಕೊಟ್ಟು ಕಳುಹಿಸಿದಳು. ಆಗ ಅವನಿಗೆ ಕುಡಿತದ ಚಟ. ಔಷಧದ ಅಂಗಡಿಗೆ ಹೋಗುವ ಬದಲು ಬೇರೆ ಕಡೆ ಹೋದ. ಎರಡು ದಿನ ಕಳೆದು ಮರಳಿದಾಗ ತಂದೆ ತೀರಿಹೋಗಿದ್ದರು. ಆ ಔಷಧ ಬಂದಿದ್ದರೂ ಉಳಿಯುತ್ತಿರಲಿಲ್ಲ ಎಂದು ವೈದ್ಯರು ಹೇಳಿದರಂತೆ. ಅದು ಅವನ ಕಿವಿಗೆ ಹೋಗಲಿಲ್ಲ. ಅವ್ವ ಅಂದಿನಿಂದ ಇಂದಿನವರೆಗೆ ಆ ಹಣದ ಬಗ್ಗೆ ಒಂದು ಮಾತೂ ಕೇಳಿಲ್ಲ.

"ಒಂದ ಮಾತ ಬೈದಿದ್ರ ಹಗುರ ಆಗತಿತ್ರಿ ಅಣ್ಣಾರ" ಎಂದ.

ಕುಡಿತವನ್ನು ಅಂದೇ ಬಿಟ್ಟ. ಆದರೆ ಪರಮಪ್ರಸಾದವನ್ನೂ ಬಿಟ್ಟ. ಪೂಜೆಗೆ ಹೋಗುತ್ತಾನೆ, ಹಿಂದಿನ ಬಾಗಿಲ ಬಳಿ, ಚಪ್ಪಲಿ ಬಿಡುವ ಜಾಗದ ಹತ್ತಿರ ನಿಲ್ಲುತ್ತಾನೆ, ಎಲ್ಲರೂ ಸಾಲಾಗಿ ಮುಂದೆ ಹೊರಟಾಗ ಹೊರಗೆ ಬಂದುಬಿಡುತ್ತಾನೆ. ಹನ್ನೊಂದು ವರ್ಷ ಹೀಗೇ ನಡೆಯಿತು. ಎರಡು ವರ್ಷದ ಹಿಂದೆ ತಪಸ್ಸುಕಾಲದ ಧ್ಯಾನಕೂಟಕ್ಕೆ ಹೆಂಡತಿ ಎಳೆದುಕೊಂಡು ಹೋದಳು. ಅಲ್ಲಿ ಪಾಪನಿವೇದನೆ ಮಾಡಿದ. ಗುರುಗಳು ಎಲ್ಲವನ್ನೂ ಕೇಳಿ, ಪಾಪಕ್ಷಮೆ ನೀಡಿ, ಪ್ರಾಯಶ್ಚಿತ್ತವಾಗಿ ಮೂರು ಜಪ ಹೇಳಲು ತಿಳಿಸಿದರಂತೆ.

"ಮೂರ ಜಪ! ನಮ್ಮಪ್ಪನ ಜೀವಕ್ಕ ಮೂರ ಜಪ ಏನ್ರಿ? ನನ್ನ ಮಾತು ಗುರುಗಳಿಗೆ ಸರೀ ಕೇಳಸಿಲ್ಲ ಅಂತ ತಿಳಕೊಂಡೆ."

ಹೀಗಾಗಿ ಅವನೇ ತನಗೊಂದು ಪ್ರಾಯಶ್ಚಿತ್ತ ಹಾಕಿಕೊಂಡ. ಬೀಜದ ಅಂಗಡಿಯವರು ಕೊಟ್ಟ ಕಿಸೆ ಡೈರಿಯನ್ನು ತಂದು ತೋರಿಸಿದ. ಪ್ರತಿ ತಿಂಗಳೂ ಯಾರಾದರೊಬ್ಬ ಬಡ ರೋಗಿಯ ಔಷಧಕ್ಕೆ ಹಣ ಕೊಡುತ್ತಾನೆ. ಎಷ್ಟು, ಯಾವ ದಿನ ಎಂದು ಬರೆದಿಡುತ್ತಾನೆ. ಲೆಕ್ಕ ಹಾಕಿದರೆ ಆರು ಸಾವಿರ ಎಂದೋ ದಾಟಿತ್ತು. ಮೂರು ಪಟ್ಟು, ನಾಲ್ಕು ಪಟ್ಟು ಆಗಿತ್ತು. ಯಾವಾಗ ಮುಗಿಯುತ್ತದೆ ಎಂದು ಕೇಳಿದೆವು. ಉತ್ತರ ಕೊಡಲಿಲ್ಲ.

ಅವನ ಬದುಕನ್ನು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಆ ಸೀಮೆಯಲ್ಲಿ ಕಬ್ಬು ಕಡಿಯುವವರು ಹಂಗಾಮಿಗೆ ಮೊದಲೇ ಮುಕಾದಮನಿಂದ ಉಚಲ್ ಪಡೆಯುತ್ತಾರೆ. ಉಚಲ್ ಎಂದರೆ ಮುಂಗಡ. ಗಂಡ ಹೆಂಡತಿ ಜೋಡಿಯಾಗಿ ದುಡಿದು ಅದನ್ನು ತೀರಿಸಬೇಕು. ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ ಹೋಗುತ್ತದೆ. ಹುಟ್ಟಿದಂದಿನಿಂದ ಇದನ್ನೇ ನೋಡಿದವನು ದೇವರನ್ನೂ ದೊಡ್ಡದೊಬ್ಬ ಮುಕಾದಮ ಎಂದುಕೊಂಡರೆ ತಪ್ಪು ಯಾರದು?

ತಪ್ಪು ನಮ್ಮದೂ ಇದೆ ಎಂದು ನಮಗನ್ನಿಸುತ್ತದೆ. ನಮ್ಮ ಮನೆಗಳಲ್ಲಿ ಮಕ್ಕಳಿಗೆ ದೇವರನ್ನು ಪರಿಚಯಿಸುವುದು ಹೇಗೆ? "ಹಾಗೆ ಮಾಡಿದರೆ ಯೇಸುಸ್ವಾಮಿಗೆ ಸಿಟ್ಟು ಬರುತ್ತೆ." "ಜಪ ಹೇಳದಿದ್ದರೆ ಪರೀಕ್ಷೆಯಲ್ಲಿ ನೋಡಿಕೋ." ಪ್ರಥಮ ದರ್ಜೆ ಬಂದರೆ ಸೈಕಲ್ಲು, ನಪಾಸಾದರೆ ಮೂರು ದಿನ ಮಾತಿಲ್ಲ. ಹೀಗೆ ಬೆಳೆದ ಮಗು ದೊಡ್ಡವನಾದ ಮೇಲೆ ದೇವರ ಷರತ್ತಿಲ್ಲದ ಪ್ರೀತಿಯ ಬಗ್ಗೆ ಎಷ್ಟು ಪ್ರಬೋಧನೆ ಕೇಳಿದರೂ ಅವನ ಒಳಗಿನ ಕಿವಿ ಷರತ್ತನ್ನೇ ಹುಡುಕುತ್ತಿರುತ್ತದೆ. ಈ ಅಂಕಣ ಬರೆಯುವ ನಾವೂ ಇದಕ್ಕೆ ಹೊರತಲ್ಲ. ನಮ್ಮ ಮನೆಯಲ್ಲೂ ಸೈಕಲ್ಲಿನ ಮಾತು ನಡೆದಿದೆ.

ಲೂಕನ ಶುಭಸಂದೇಶದ 15ನೆಯ ಅಧ್ಯಾಯದ ದುಂದುಗಾರ ಮಗನ ಕಥೆ ನಮಗೆಲ್ಲ ಬಾಯಿಪಾಠ. ಆದರೂ ಅದರಲ್ಲಿ ಒಂದು ಸಣ್ಣ ಸಂಗತಿಯನ್ನು ನಾವು ಬಹಳ ಕಾಲ ಗಮನಿಸಿರಲಿಲ್ಲ. ಹಂದಿಗಳ ನಡುವೆ ಹಸಿದು ಕುಳಿತ ಮಗ ತಂದೆಗೆ ಏನು ಹೇಳಬೇಕೆಂದು ಮೊದಲೇ ಸಿದ್ಧಮಾಡಿಕೊಳ್ಳುತ್ತಾನೆ. ಅದರಲ್ಲಿ ಮೂರು ಮಾತುಗಳಿವೆ: ಪಾಪ ಮಾಡಿದೆ, ನಿನ್ನ ಮಗ ಎನಿಸಿಕೊಳ್ಳಲು ಯೋಗ್ಯನಲ್ಲ, ನನ್ನನ್ನು ಒಬ್ಬ ಕೂಲಿಯಾಳಾಗಿ ಇಟ್ಟುಕೋ (15:18-19). ಊರಿಗೆ ಬರುತ್ತಾನೆ. ದೂರದಲ್ಲೇ ಕಂಡ ತಂದೆ ಓಡಿ ಬಂದು ಕೊರಳು ತಬ್ಬಿ ಮುತ್ತಿಡುತ್ತಾನೆ. ಮಗ ತನ್ನ ಪಾಠ ಆರಂಭಿಸುತ್ತಾನೆ. ಮೊದಲ ಮಾತು ಆಯಿತು, ಎರಡನೆಯದೂ ಆಯಿತು. ಮೂರನೆಯದು? 21ನೆಯ ವಚನವನ್ನು ತೆಗೆದು ನೋಡಿ. ಮೂರನೆಯದು ಅಲ್ಲಿಲ್ಲ. ಅಷ್ಟರಲ್ಲಿ ತಂದೆ ಆಳುಗಳನ್ನು ಕರೆದು ಒಳ್ಳೆಯ ಅಂಗಿ ತನ್ನಿ, ಬೆರಳಿಗೆ ಉಂಗುರ ಹಾಕಿ, ಕಾಲಿಗೆ ಕೆರ ತೊಡಿಸಿ ಎನ್ನುತ್ತಿದ್ದಾನೆ. ಕೂಲಿಯಾಳಿನ ಮಾತು ಮಗನ ಬಾಯಲ್ಲೇ ಉಳಿಯಿತು.

ಪಾಪ ಒಪ್ಪಿಕೊಳ್ಳುವುದನ್ನು ತಂದೆ ತಡೆಯಲಿಲ್ಲ. ಯೋಗ್ಯನಲ್ಲ ಎನ್ನುವುದನ್ನೂ ತಡೆಯಲಿಲ್ಲ, ಅದು ನಿಜವೇ. ಅವನು ಅವಕಾಶ ಕೊಡದಿದ್ದುದು ಕೂಲಿಯ ಮಾತಿಗೆ ಮಾತ್ರ. ಕೂಲಿಯಾಳು ದುಡಿದು ಸಂಬಳ ಪಡೆಯುತ್ತಾನೆ, ಸಂಜೆ ತನ್ನ ಮನೆಗೆ ಹೋಗುತ್ತಾನೆ. ಹಾಗಿರುವುದು ಮಗನಿಗೆ ಸುಲಭವಾಗಿತ್ತು. ತಂದೆಯ ಮುಖ ದಿನವೂ ನೋಡಬೇಕಾಗಿರಲಿಲ್ಲ. ಉಂಗುರ ಹಾಕಿಸಿಕೊಂಡು, ಎಲ್ಲರ ಮುಂದೆ ಊಟಕ್ಕೆ ಕೂರುವುದು ಅದಕ್ಕಿಂತ ಕಷ್ಟ.

ಇನ್ನೊಬ್ಬ ಮಗನೂ ಇದ್ದಾನಲ್ಲ, ಹಿರಿಯವನು. ಮನೆಯ ಹೊರಗೇ ನಿಂತು, ಇಷ್ಟು ವರ್ಷ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಎನ್ನುತ್ತಾನೆ. ಅವನ ಕೈಯಲ್ಲೂ ಡೈರಿ ಇದೆ. ಕಿರಿಯವನು ಖರ್ಚು ಬರೆದಿಟ್ಟ, ಹಿರಿಯವನು ಜಮಾ ಬರೆದಿಟ್ಟ. ಮನೆಯಲ್ಲಿ ಲೆಕ್ಕ ಬರೆಯದೆ ಇದ್ದವನು ತಂದೆ ಒಬ್ಬನೇ.

ಪವಿತ್ರ ಗುರುವಾರದಂದು ನಮ್ಮ ದೇವಾಲಯಗಳಲ್ಲಿ ಪಾದ ತೊಳೆಯುವ ವಿಧಿ ನಡೆಯುತ್ತದೆ. ನೀವೆಲ್ಲ ಒಂದು ವಿಷಯ ಗಮನಿಸಿರಬೇಕು. ಆಯ್ಕೆಯಾದ ಹನ್ನೆರಡು ಮಂದಿಯೂ ಮನೆಯಲ್ಲೇ ಸೋಪು ಹಚ್ಚಿ, ಕಲ್ಲಿನಿಂದ ಉಜ್ಜಿ, ಪಾದಗಳನ್ನು ತೊಳೆದುಕೊಂಡೇ ಬರುತ್ತಾರೆ! ಒಮ್ಮೆ ನಮ್ಮ ಸರದಿಯೂ ಬಂದಿತ್ತು. ನಾವೂ ಉಜ್ಜಿದ್ದೆವು. ಒಡೆದ ಹಿಮ್ಮಡಿಯನ್ನು ಗುರುಗಳು ನೋಡಬಾರದಲ್ಲ! ಪೇತ್ರನಿಗೆ ಆದದ್ದೂ ಇದೇ. ಯೇಸುಸ್ವಾಮಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಅವನ ಮುಂದೆ ಬಗ್ಗಿದಾಗ, ನನ್ನ ಪಾದ ನೀವು ತೊಳೆಯಲೇಬಾರದು ಎಂದುಬಿಟ್ಟ. ನೋಡಲು ಅದು ವಿನಯ. ಆದರೆ ಯೇಸು ಅದನ್ನು ಮೆಚ್ಚಲಿಲ್ಲ. ತೊಳೆಯಲು ಬಿಡದಿದ್ದರೆ ನನ್ನೊಂದಿಗೆ ನಿನಗೆ ಪಾಲಿಲ್ಲ ಎಂದರು (ಯೊವಾನ್ನ 13:8). ಸತ್ಯವಾಗಿ ನೋಡಿದರೆ ಆ ರಾತ್ರಿ ಪೇತ್ರನಿಂದ ಅವರು ಕೇಳಿದ್ದು ಒಂದೇ, ಸುಮ್ಮನೆ ಕುಳಿತಿರು ಎಂದು. ಕುರಿಗಾರ ಅಜ್ಜನೂ ಹೇಳಿದ್ದು ಅದನ್ನೇ ಅಲ್ಲವೇ?

ಈ ಭಯ ನಮ್ಮ ಕಾಲದ್ದೇನಲ್ಲ. ಫ್ರಾನ್ಸ್ ದೇಶದಲ್ಲಿ 17ನೆಯ ಶತಮಾನದಿಂದ ಜಾನ್ಸೆನ್‌ಪಂಥ ಎಂಬ ಕಠಿಣ ವಿಚಾರಧಾರೆ ಹಬ್ಬಿತ್ತು. ಅದರ ಪ್ರಭಾವದಿಂದ ಎಷ್ಟೋ ಭಕ್ತರು ಯೋಗ್ಯತೆ ಇಲ್ಲವೆಂದು ಹೆದರಿ ಪರಮಪ್ರಸಾದದಿಂದ ದೂರವೇ ಉಳಿದರು. ಪರಮಪ್ರಸಾದವನ್ನು ಆಗಾಗ, ಪ್ರತಿದಿನವೂ ಸ್ವೀಕರಿಸಿರಿ ಎಂದು ಸಂತ ಹತ್ತನೆಯ ಪಯಸ್ ಜಗದ್ಗುರುಗಳು 1905ರಲ್ಲಿ ಪ್ರೋತ್ಸಾಹಿಸಿ ಆಜ್ಞಾಪತ್ರ ಹೊರಡಿಸಬೇಕಾಯಿತು. ಅದು ಒಳ್ಳೆಯ ನಡತೆಗೆ ಕೊಡುವ ಬಹುಮಾನವಲ್ಲ ಎಂಬುದನ್ನು ಧರ್ಮಸಭೆ ಸ್ಪಷ್ಟಪಡಿಸಿತು. 1910ರಲ್ಲಿ ಅವರೇ ಚಿಕ್ಕ ಮಕ್ಕಳಿಗೂ, ಅಂದರೆ ಸುಮಾರು ಏಳು ವರ್ಷ ವಯಸ್ಸಿಗೇ, ಬಾಗಿಲು ತೆರೆದರು.

ಆ ಫ್ರಾನ್ಸಿನಲ್ಲೇ ಹುಟ್ಟಿದ ಲಿಸಿಯೂ ನಗರದ ಸಂತ ತೆರೇಸಳ ನೆನಪು ಇಲ್ಲಿ ಬಾರದೆ ಇರದು. 1873ರಲ್ಲಿ ಜನನ, 15ನೆಯ ವಯಸ್ಸಿನಲ್ಲಿ ಕಾರ್ಮೆಲ್ ಮಠ, 1897ರಲ್ಲಿ ಕ್ಷಯರೋಗದಿಂದ ಮರಣ, ಆಗ ಆಕೆಗೆ 24 ವರ್ಷ. ಕಠಿಣ ತಪಸ್ಸಿನ ಮೆಟ್ಟಿಲು ಹತ್ತಲಾರದ ಸಣ್ಣವಳು ತಾನು ಎಂದು ಆಕೆಗೆ ಗೊತ್ತಿತ್ತು. ಆ ಕಾಲದ ಶ್ರೀಮಂತರ ಮನೆಗಳಿಗೆ ಹೊಸದಾಗಿ ಲಿಫ್ಟು ಬಂದಿತ್ತು. ತನ್ನನ್ನು ದೇವರ ಬಳಿಗೆ ಎತ್ತುವ ಲಿಫ್ಟು ಯೇಸುವಿನ ತೋಳುಗಳೇ, ಅದಕ್ಕಾಗಿ ತಾನು ದೊಡ್ಡವಳಾಗಬೇಕಿಲ್ಲ, ಇನ್ನೂ ಚಿಕ್ಕವಳಾದರೆ ಸಾಕು ಎಂದು ಆಕೆ ಬರೆದಳು. ದೇವರ ನ್ಯಾಯಕ್ಕೆ ತಮ್ಮನ್ನು ಬಲಿಯಾಗಿ ಅರ್ಪಿಸಿಕೊಳ್ಳುವ ಸಾಧ್ವಿಯರು ಆಗ ಇದ್ದರು. ಆಕೆ 1895ರ ಜೂನ್‌ನಲ್ಲಿ ದೇವರ ಕರುಣೆಯ ಪ್ರೀತಿಗೆ ತನ್ನನ್ನು ಒಪ್ಪಿಸಿಕೊಂಡಳು. ಬದುಕಿನ ಸಂಜೆ ದೇವರ ಮುಂದೆ ಖಾಲಿ ಕೈಯಲ್ಲಿ ಬರುತ್ತೇನೆ, ನನ್ನ ಕೆಲಸಗಳ ಲೆಕ್ಕ ಹಾಕಬೇಡಿ ಎಂಬುದು ಆ ಪ್ರಾರ್ಥನೆಯ ಸಾರ. ನೂರು ವರ್ಷದ ಬಳಿಕ, 1997ರಲ್ಲಿ, ಸಂತ ಎರಡನೆಯ ಜಾನ್ ಪಾಲ್ ಆಕೆಯನ್ನು ಧರ್ಮಸಭೆಯ ಪಂಡಿತೆ ಎಂದು ಘೋಷಿಸಿದರು. 2025ರಲ್ಲಿ ನಮ್ಮನ್ನು ಅಗಲಿದ ಪೋಪ್ ಫ್ರಾನ್ಸಿಸರು 2023ರ ಅಕ್ಟೋಬರ್‌ನಲ್ಲಿ ಆಕೆಯ ಬಗ್ಗೆಯೇ ಒಂದು ಪ್ರೇರಿತ ಪತ್ರ ಬರೆದರು. ಅದರ ವಿಷಯ ಭರವಸೆ. ಮರುವರ್ಷ ಯೇಸುವಿನ ಪವಿತ್ರ ಹೃದಯದ ಪ್ರೀತಿಯ ಬಗ್ಗೆ ವಿಶ್ವಪತ್ರವನ್ನೇ ಬರೆದರು.

ಇದನ್ನು ಕೇಳಿ ಕೆಲವರು ಹುಬ್ಬೇರಿಸಬಹುದು. ಹಾಗಾದರೆ ಯಾರು ಏನು ಬೇಕಾದರೂ ಮಾಡಬಹುದೇ? ಈ ಪ್ರಶ್ನೆಯನ್ನು ಸಂತ ಪೌಲರೇ ರೋಮನರಿಗೆ ಬರೆದ ಪತ್ರದಲ್ಲಿ ಎತ್ತಿ, ಖಂಡಿತ ಇಲ್ಲ ಎಂದು ಉತ್ತರಿಸಿದ್ದಾರೆ (6:1-2). ಪಾಪನಿವೇದನೆ ಬೇಕು, ಪಶ್ಚಾತ್ತಾಪ ಬೇಕು, ಕಸಿದುಕೊಂಡದ್ದನ್ನು ಹಿಂದಿರುಗಿಸುವುದೂ ಬೇಕು. ಆದರೆ ನಾವು ಪಾಪಿಗಳಾಗಿದ್ದಾಗಲೇ ಕ್ರಿಸ್ತರು ನಮಗಾಗಿ ಪ್ರಾಣ ಕೊಟ್ಟರು ಎಂದು ಅದೇ ಪತ್ರ ಹೇಳುತ್ತದೆ (5:8). ನಮ್ಮ ಪಶ್ಚಾತ್ತಾಪದಿಂದ ಆ ಪ್ರೀತಿ ಹುಟ್ಟುವುದಿಲ್ಲ. ಆ ಪ್ರೀತಿಯಿಂದಲೇ ಪಶ್ಚಾತ್ತಾಪ ಹುಟ್ಟುತ್ತದೆ. ಸೊಲ್ಲಾಪುರದಲ್ಲಿ ಅಮೆರಿಕನ್ ಮಿಷನ್ ಕಾಲದಿಂದ ನೆಲೆಸಿದ ಪ್ರೊಟೆಸ್ಟೆಂಟ್ ಸಹೋದರರು ಬಹಳ. ಕೃಪೆಯ ವಿಷಯದಲ್ಲಿ ಅವರಿಗೂ ನಮಗೂ ಏನೋ ದೊಡ್ಡ ಜಗಳವಿದೆ ಎಂದು ನಮ್ಮ ಹಿರಿಯರು ತಿಳಿದಿದ್ದರು. 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್ ನಗರದಲ್ಲಿ ಕಥೋಲಿಕ ಧರ್ಮಸಭೆಯೂ ಲೂಥರನ್ ವಿಶ್ವ ಒಕ್ಕೂಟವೂ ಒಟ್ಟಿಗೆ ಸಹಿ ಹಾಕಿ, ದೇವರು ನಮ್ಮನ್ನು ಅಂಗೀಕರಿಸುವುದು ನಮ್ಮ ಪುಣ್ಯದ ಬಲದಿಂದಲ್ಲ, ಕೃಪೆಯಿಂದ ಎಂದು ಒಪ್ಪಿಕೊಂಡಿವೆ.

ಇಷ್ಟೆಲ್ಲವನ್ನೂ ನಾವು ಆ ತಮ್ಮನಿಗೆ ಹೇಳಲಿಲ್ಲ. ರಾತ್ರಿ ಹನ್ನೊಂದಕ್ಕೆ ಆಗ್ಸ್‌ಬರ್ಗ್ ಕಥೆ ಹೇಳಿದರೆ ಯಾರು ಕೇಳುತ್ತಾರೆ! ಪೂಜೆಯಲ್ಲಿ ಪರಮಪ್ರಸಾದಕ್ಕೆ ಮೊದಲು ಎಲ್ಲರೂ ಹೇಳುವ ಪ್ರಾರ್ಥನೆಯನ್ನು ಮಾತ್ರ ನೆನಪಿಸಿದೆವು. ಪ್ರಭು ತನ್ನ ಮನೆಗೆ ಬರಲು ತಾನು ಯೋಗ್ಯನಲ್ಲ ಎಂದ ಶತಾಧಿಪತಿಯ ಮಾತಿನಿಂದ ಬಂದದ್ದು ಅದು. ಗುರುಗಳೂ ಹೇಳುತ್ತಾರೆ, ಬಿಷಪರೂ ಹೇಳುತ್ತಾರೆ, ಜಗದ್ಗುರುಗಳೂ ಹೇಳುತ್ತಾರೆ. ಹೇಳಿದ ಮರುಕ್ಷಣ ಎಲ್ಲರೂ ಸ್ವೀಕರಿಸುತ್ತಾರೆ. "ನೀನು ಆ ಪ್ರಾರ್ಥನೆಯ ಅರ್ಧ ಮಾತ್ರ ಹೇಳಿ ಹೊರಗೆ ಹೋಗ್ತೀಯಲ್ಲ ತಮ್ಮ" ಎಂದೆವು. ಅವನು ಡೈರಿಯನ್ನು ಮುಚ್ಚಿ ದೇವರ ಪಟದ ಹಿಂದೆ ಇಟ್ಟ.

ಮರುದಿನ ನಮ್ಮನ್ನು ಬಸ್ಸಿಗೆ ಬಿಡಲು ಮಂಗಳವೇಢೆಗೆ ಬಂದ. ದಾರಿಯ ಎರಡೂ ಕಡೆ ಹಿಂಗಾರಿ ಜೋಳದ ಎಳೆಯ ಪೈರು. ಮಂಗಳವೇಢೆ ಎಂದರೆ ಜೋಳದ ಕಣಜ. ಅಲ್ಲಿನ ಮಾಲದಂಡಿ ಜೋಳದ ಹೆಸರು ದೂರದೂರಕ್ಕೆ ಹೋಗಿದೆ. ಲೆಕ್ಕದವರ ಊರು ಎಂದರೂ ಸರಿಯೇ. ಬಸವಣ್ಣನವರು ಕಲ್ಯಾಣಕ್ಕೆ ಹೋಗುವ ಮೊದಲು ಬಿಜ್ಜಳನ ಬಳಿ ಕರಣಿಕರಾಗಿದ್ದದ್ದು ಇಲ್ಲಿಯೇ ಎನ್ನುತ್ತಾರೆ. ಬೀದರಿನ ಸುಲ್ತಾನರ ಕಾಲದಲ್ಲಿ ಇಲ್ಲಿನ ಸರ್ಕಾರಿ ಕಣಜದ ಅಧಿಕಾರಿಯಾಗಿದ್ದ ದಾಮಾಜಿ ಪಂತರ ಗುಡಿಯೂ ಇಲ್ಲಿದೆ. ಬಸ್ಸಿಗೆ ಇನ್ನೂ ಹೊತ್ತಿತ್ತು. ಗುಡಿಯ ಸಮೀಪ ಚಹಾ ಕುಡಿಯುತ್ತ ಅವನೇ ಆ ಕಥೆ ತೆಗೆದ. ಆ ಸೀಮೆಯ ಮಕ್ಕಳಿಗೆಲ್ಲ ಗೊತ್ತಿರುವ ಕಥೆ.

15ನೆಯ ಶತಮಾನದ ಭೀಕರ ಬರ. ಜನ ಸಾಯುತ್ತಿದ್ದಾಗ ದಾಮಾಜಿ ಪಂತರು ಸುಲ್ತಾನನ ಕಣಜ ತೆರೆದು ಜೋಳ ಹಂಚಿಬಿಟ್ಟರು. ಸುಲ್ತಾನನಿಗೆ ಸುದ್ದಿ ಹೋಯಿತು. ಹಿಡಿದು ತರಲು ಸಿಪಾಯಿಗಳು ಬಂದರು. ಅವರು ಬೀದರಿಗೆ ಮುಟ್ಟುವ ಮೊದಲೇ ಪಂಢರಪುರದ ವಿಠ್ಠಲ ಒಬ್ಬ ಮಹಾರನ ವೇಷದಲ್ಲಿ, ಹೆಗಲಿಗೆ ಕಂಬಳಿ ಹಾಕಿಕೊಂಡು ದರ್ಬಾರಿಗೆ ಹೋಗಿ ಜೋಳದ ಪೂರ್ತಿ ಬೆಲೆ ಸುರಿದು, ಪಾವತಿ ಬರೆಸಿಕೊಂಡನಂತೆ. ದಾಮಾಜಿ ಶಿಕ್ಷೆಗೆ ಸಿದ್ಧರಾಗಿ ತಲೆಬಾಗಿ ಒಳಗೆ ಬಂದರೆ ಸುಲ್ತಾನನೇ ಎದ್ದು ಮರ್ಯಾದೆ ಮಾಡುತ್ತಾನೆ, ನಿಮ್ಮ ಆಳು ಎಲ್ಲವನ್ನೂ ಕಟ್ಟಿ ಹೋದನಲ್ಲ ಎನ್ನುತ್ತಾನೆ.

ಇದು ವಾರಕರಿ ಭಕ್ತರ ಕಥೆ. ದಾಮಾಜಿ ಮಾಡಿದ ಸಾಲ ಹಸಿದವರಿಗಾಗಿ, ನಮ್ಮ ತಮ್ಮನದು ಹಾಗಲ್ಲ. ಅದು ಅವನಿಗೂ ಗೊತ್ತು, ಎರಡನ್ನೂ ಒಂದು ಮಾಡುವುದು ಸರಿಯಲ್ಲ. ಆದರೆ ಅವನ ಮನಸ್ಸು ಸಿಕ್ಕಿಕೊಂಡದ್ದು ಬೇರೆ ಕಡೆ.

"ಅಣ್ಣಾರ, ಪಾವತಿ ಕೈಯಾಗ ಕೊಟ್ಟಿಂದ ದಾಮಾಜಿ ಮತ್ತ ರೊಕ್ಕ ಕಟ್ಟಾಕ ಹ್ವಾದ್ರ ಹೆಂಗ ಆಗತಿತ್ರಿ?"

"ಸುಲ್ತಾನ ನಗ್ತಿದ್ದ."

"ಕಟ್ಟಿದಾಂವಗ ಹೆಂಗ ಅನಸ್ತಿತ್ತು?"

ನಾವು ಉತ್ತರಿಸಲಿಲ್ಲ. ಸಂತ ಪೌಲರು ಕೊಲೊಸ್ಸೆಯವರಿಗೆ ಬರೆದ ಪತ್ರದಲ್ಲಿ (2:14), ನಮ್ಮ ಮೇಲಿದ್ದ ಸಾಲಪತ್ರವನ್ನು ಕ್ರಿಸ್ತರು ಶಿಲುಬೆಗೆ ಮೊಳೆ ಹೊಡೆದು ರದ್ದುಮಾಡಿದರು ಎಂದು ಬರೆದ ಮಾತು ಬಾಯಿಯ ತನಕ ಬಂದಿತ್ತು. ಬಸ್ಸೂ ಬಂತು. ಇಳಿಸಿದ್ದ ಚೀಲವನ್ನು ಅವನೇ ಎತ್ತಿ ಒಳಗಿಟ್ಟ. ನವೆಂಬರ್ 2ರ ಮೃತ ವಿಶ್ವಾಸಿಗಳ ಸ್ಮರಣೆಗೆ ಅಪ್ಪನ ಸಮಾಧಿಗೆ ಹೋಗುತ್ತೀಯಾ ಎಂದು ಕಿಟಕಿಯಿಂದ ಕೇಳಿದೆವು. ಹದಿಮೂರು ವರ್ಷದಲ್ಲಿ ಒಮ್ಮೆಯೂ ಹೋಗಿಲ್ಲ ಎಂದು ಆಗ ತಿಳಿಯಿತು.

ಡಿಸೆಂಬರ್‌ನಲ್ಲಿ ಒಂದು ರಾತ್ರಿ ಅವನ ಫೋನ್ ಬಂತು. ಕಾರ್ಖಾನೆಯ ಮುಂದೆ ಕಬ್ಬು ತುಂಬಿದ ಗಾಡಿಗಳ ಸಾಲಿನಲ್ಲಿದ್ದ. ಹಿಂದೆ ಇಂಜಿನ್ ಸದ್ದು, ಯಾರದೋ ಹಾಡು. ಸಮಾಧಿಗೆ ಅವ್ವನ ಜತೆ ಹೋಗಿ ಬಂದನಂತೆ. ಅವ್ವ ಅಲ್ಲಿಯೂ ಆ ಹಣದ ಮಾತು ತೆಗೆಯಲಿಲ್ಲ. ಮೇಣದಬತ್ತಿ ಗಾಳಿಗೆ ಆರುತ್ತಿತ್ತು, ಇಬ್ಬರೂ ಕೈ ಅಡ್ಡ ಹಿಡಿದು ಕುಳಿತಿದ್ದರಂತೆ. ಡೈರಿಯ ಬಗ್ಗೆ ಕೇಳಿದೆವು.

"ಔಷಧದ ರೊಕ್ಕ ಕೊಡೂದ ಬಿಟ್ಟಿಲ್ರಿ. ಬರಿಯೂದ ಬಿಟ್ಟೀನಿ."

ಪರಮಪ್ರಸಾದ?

ಇಂಜಿನ್ ಸದ್ದು ಸ್ವಲ್ಪ ಹೊತ್ತು ಕೇಳಿಸುತ್ತಿತ್ತು. "ಕ್ರಿಸ್‌ಮಸ್ಸಿಗೆ ಅವ್ವನ್ನ ಕರ್ಕೊಂಡ ಬರಾಕತ್ತೀನ್ರಿ. ಆಕಿ ಮುಂದಿನ ಬಾಕಿನ ಮ್ಯಾಲೆ ಕುಂಡ್ರಾಕಿ. ಹಿಂದ ನಿಂದ್ರಾಕ ಬಿಡೂದಿಲ್ಲ." ಅಷ್ಟರಲ್ಲಿ ಸಾಲು ಮುಂದೆ ಸರಿಯಿತೆಂದು ಕಾಣುತ್ತದೆ. ಗಾಡಿ ತೆಗೀಬೇಕ್ರಿ ಎಂದು ಫೋನ್ ಇಟ್ಟ.